ಫ್ರೀಬಿಎಸ್‌ಡಿ ಹಾಕೀನಿ, ಲಾಗಿನ್ ಅಂತ ನಿಂತದ. ಮುಂದ ಏನ್ ಮಾಡ್ಲಿ?

ಹಿಂಜವಡಿ ಹೊಸಬ:

ನಮಸ್ಕಾರ್ರೀ. ಹಳೇ ಡೆಸ್ಕ್‌ಟಾಪ್ ಒಂದಕ್ಕ ಫ್ರೀಬಿಎಸ್‌ಡಿ 14.3 ಅನ್ನೂ ಯುನಿಕ್ಸ್ ಥರದ ಆಪರೇಟಿಂಗ್ ಸಿಸ್ಟಮ್ ಹಾಕೀನಿ. 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಮದರ್‌ಬೋರ್ಡಿನ ಮ್ಯಾಲೇ ರಿಯಲ್‌ಟೆಕ್ ಲ್ಯಾನ್ ಅದ, ವೈಫೈ ಇಲ್ಲ. ಡಿಸ್ಕಿಗೆ ಯಾವ ಫೈಲ್ ಸಿಸ್ಟಮ್ ಅಂತ ಕೇಳಿದಾಗ ಝಡ್‌ಎಫ್‌ಎಸ್ ಆರಿಸಿದೆ. ಪೂರ್ತಿ ಅಧಿಕಾರ ಇರೂ ರೂಟ್ ಖಾತೆಗೆ ಪಾಸ್‌ವರ್ಡ್ ಕೊಟ್ಟೆ, 'ಹೊಸಬ' ಅಂತ ನಂದೊಂದು ಯೂಸರ್ ಮಾಡಿದೆ. ಸರ್ವಿಸ್ ಪಟ್ಟಿಯೊಳಗ ಬ್ಯಾರೆ ಮೆಷಿನಿಂದ ಲಾಗಿನ್ ಬಿಡೂ ಎಸ್‌ಎಸ್‌ಎಚ್‌ಡಿ, ಸೈಟಿನ ಹೆಸರು ಬಿಡಸೂ ಲೋಕಲ್ ಅನ್‌ಬೌಂಡ್ ಎರಡಕ್ಕೂ ಟಿಕ್ ಹಾಕೀನಿ.

ಪೆನ್‌ಡ್ರೈವ್ ತಗದು ಚಾಲೂ ಮಾಡಿದ್ರ ಕರೇ ಪರದೆ ಮ್ಯಾಲೆ 'ಅಮ್ನೀಸಿಯಾಕ್' ಅಂತ ಬರದು ಲಾಗಿನ್ ಕೇಳ್ತದ. ಪಾಸ್‌ವರ್ಡ್ ಹೊಡದ್ರ ಚುಕ್ಕಿನೂ ಬರೂದಿಲ್ಲ, ಕರ್ಸರ್ ಸರಿಯೂದೂ ಇಲ್ಲ. ಆದ್ರೂ ಹೆಂಗೋ ಒಳಗ ಹೋಗ್ತದ. ಒಳಗ ಹೋದ ಮ್ಯಾಲೆ ರೂಟ್ ಅಧಿಕಾರದಾಗ ಕಮಾಂಡ್ ನಡಸೂ ಸುಡೋ ಇಲ್ಲ. ರೂಟ್ ಆಗ್ಲಿಕ್ಕೆ ಎಸ್‌ಯು ಅಂದ್ರ ಪಾಸ್‌ವರ್ಡ್ ಕೇಳೂ ಮೊದಲ 'ಸಾರಿ' ಅಂತದ. ಡೇಟ್ ಅಂತ ಹೊಡದ್ರ 2015 ತೋರಸ್ತದ. ನಾ ಇರೂ ಪಿಜಿಯೊಳಗ ಲ್ಯಾನ್ ಪಾಯಿಂಟ್ ಇಲ್ಲ, ವೈಫೈ ಅಷ್ಟ. ಅದೂ ಬ್ರೌಸರ್ ತಗದು ಓಟಿಪಿ ಹಾಕಿದ್ರ ಮಾತ್ರ ನಡೀತದ. ಉಬುಂಟು ಸ್ವಲ್ಪ ಗೊತ್ತದ. ಇಲ್ಲಿ ಮೊದಲ ಏನು, ಆಮ್ಯಾಲೆ ಏನು ಅಂತ ಯಾರಾದ್ರೂ ಹೇಳ್ರಿ.

ಡೊಂಬಿವಲಿ ಲೋಕಲ್:

ಎಸ್‌ಯು ಬೇಕೆಂದರೆ ವೀಲ್ ಗುಂಪಿನಲ್ಲಿರಬೇಕು, ಅದು ರೂಟ್ ಆಗಲು ಅನುಮತಿ ಇರುವವರ ಗುಂಪು. ರೂಟ್ ಆಗಿ ಲಾಗಿನ್ ಆಗಿ ಇದನ್ನು ಕೊಡಿ:

ಪಿಡಬ್ಲ್ಯು ಯೂಸರ್‌ಮಾಡ್ ಹೊಸಬ -ಜಿ ವೀಲ್

ಜಿ ದೊಡ್ಡಕ್ಷರ. ಎಸ್‌ಎಸ್‌ಎಚ್‌ನಲ್ಲಿ ರೂಟ್ ಬೇಕಾದರೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ಪರ್ಮಿಟ್‌ರೂಟ್‌ಲಾಗಿನ್ ಎಂಬಲ್ಲಿ ಯೆಸ್ ಮಾಡಿದರಾಯಿತು. 2015 ಹೋಗಬೇಕೆಂದರೆ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಎಮ್‌ಓಎಸ್ ಸೆಲ್ ಬದಲಿಸಿ. ಪುಣೆಯಲ್ಲಿ ಅದನ್ನು ಹುಡುಕಬೇಕಿಲ್ಲ, ತಾಪಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಸಿಆರ್ 2032 ಎಂದು ಕೇಳಿ.

ಮಾಟುಂಗಾ ಟರ್ಮಿನಲ್:

ಹೆದರಬೇಡಿ ಮಾರಾಯ್ರೆ. ನೀವು ಹೇಳಿದ್ದರಲ್ಲಿ ನಿಜವಾಗಿ ಕೆಟ್ಟಿರುವುದು ಆ 2015 ಒಂದೇ. ಉಳಿದದ್ದೆಲ್ಲ ಹೇಗಿರಬೇಕೋ ಹಾಗೇ ಇದೆ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನು ಓದುವ ಹಾಗೆ ಬರೆಯುತ್ತೇನೆ, ಕಾಗುಣಿತದಲ್ಲಿ ಎಡವುವ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ. ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳದ ಕಡೆಯೆಲ್ಲ ಇಂಗ್ಲಿಷಿನ ಸಣ್ಣಕ್ಷರ. ಯುನಿಕ್ಸ್‌ನಲ್ಲಿ ಸಣ್ಣಕ್ಷರ ಬೇರೆ, ದೊಡ್ಡಕ್ಷರ ಬೇರೆ. ಈಗಲೇ ಅದರ ಉದಾಹರಣೆ ಬರುತ್ತದೆ.

ಪಾಸ್‌ವರ್ಡ್ ಕಾಣದಿರುವುದು ದೋಷವಲ್ಲ. ಚುಕ್ಕಿ ತೋರಿಸಿದರೆ ಎಷ್ಟು ಅಕ್ಷರ ಎಂಬುದು ಪಕ್ಕದವನಿಗೆ ತಿಳಿಯುತ್ತದೆ, ಅದಕ್ಕೇ ಅದನ್ನೂ ತೋರಿಸುವುದಿಲ್ಲ. ತಪ್ಪು ಹೊಡೆದೆ ಅನ್ನಿಸಿದರೆ ಕಂಟ್ರೋಲ್ ಒತ್ತಿ ಯು ಒತ್ತಿ, ಸಾಲು ಪೂರ್ತಿ ಅಳಿಯುತ್ತದೆ, ಮೊದಲಿಂದ ಹೊಡೆಯಿರಿ. ಮೂರು ಸಲ ತಪ್ಪಿದ ಮೇಲೆ ಪ್ರತಿಸಲವೂ ಸ್ವಲ್ಪ ಹೆಚ್ಚು ಕಾಯಿಸುತ್ತದೆ. ಅದು ಹ್ಯಾಂಗ್ ಆಗಿದ್ದಲ್ಲ. ಕೆಲವೊಮ್ಮೆ ಲಾಗಿನ್ ಎಂಬ ಪದದ ಮೇಲೆಯೇ ಯುಎಸ್‌ಬಿ ಬಂತು, ಹೋಯಿತು ಎಂಬ ಬಿಳಿ ಸಾಲುಗಳು ಬಂದು ಕೂರುತ್ತವೆ. ಒಂದು ಎಂಟರ್ ಹೊಡೆದರೆ ಲಾಗಿನ್ ಮತ್ತೆ ಕೆಳಗೆ ಬರುತ್ತದೆ.

ಅಮ್ನೀಸಿಯಾಕ್ ಅಂದರೆ ಮರೆವಿನವ. ಇನ್‌ಸ್ಟಾಲರ್ ಹೋಸ್ಟ್‌ನೇಮ್ ಕೇಳಿದಾಗ ನೀವು ಖಾಲಿ ಬಿಟ್ಟಿದ್ದೀರಿ, ತನ್ನ ಹೆಸರೇ ಗೊತ್ತಿಲ್ಲ ಎಂದು ಹೇಳುತ್ತಿದೆ ಪಾಪ. ಹೆಸರಿಡುವುದು ಹೀಗೆ:

ಸಿಸ್‌ಆರ್‌ಸಿ ಹೋಸ್ಟ್‌ನೇಮ್=ಗುಬ್ಬಿ

ಸಿಸ್‌ಆರ್‌ಸಿ ಅಂದರೆ ಎಸ್-ವೈ-ಎಸ್-ಆರ್-ಸಿ, ಬಿಡಿಸದೆ ಒಟ್ಟಿಗೆ. ಸಮ ಚಿಹ್ನೆಯ ಎರಡೂ ಬದಿ ಜಾಗ ಬಿಡಬಾರದು. ಮೆಷಿನ್ ಚಾಲೂ ಆಗುವಾಗ ಏನೇನು ಮಾಡಬೇಕು ಎಂಬುದೆಲ್ಲ ಇಟಿಸಿ ಡೈರೆಕ್ಟರಿಯ ಆರ್‌ಸಿ.ಕಾನ್ಫ್ ಎಂಬ ಒಂದೇ ಫೈಲಿನಲ್ಲಿರುತ್ತದೆ. ಸಿಸ್‌ಆರ್‌ಸಿ ಅದನ್ನೇ ತಿದ್ದುತ್ತದೆ, ಉದ್ಧರಣ ಚಿಹ್ನೆಗಳನ್ನು ತಾನೇ ಸರಿಯಾಗಿ ಹಾಕುತ್ತದೆ. ಕೈಯಿಂದ ತಿದ್ದಲು ಹೋಗಿ ಒಂದು ಚಿಹ್ನೆ ಮುಚ್ಚದೆ ಬಿಟ್ಟರೆ ಮುಂದಿನ ಬೂಟ್ ಅರ್ಧಕ್ಕೇ ನಿಂತು ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಯಾವುದು ಎಂದು ಕೇಳುತ್ತದೆ. ಹೊಸಬರು ಮೆಷಿನ್ ಹಾಳಾಯಿತು ಎಂದು ಮತ್ತೆ ಇನ್‌ಸ್ಟಾಲ್ ಮಾಡುವುದು ಹೆಚ್ಚಾಗಿ ಇಲ್ಲೇ.

ಈಗ ಎಸ್‌ಯು. ಆ 'ಸಾರಿ' ಎರಡು ಬಗೆ. ಪಾಸ್‌ವರ್ಡ್ ಕೇಳಿ ಆಮೇಲೆ ಸಾರಿ ಅಂದರೆ ಪಾಸ್‌ವರ್ಡ್ ತಪ್ಪು. ಕೇಳದೆಯೇ ಸಾರಿ ಅಂದರೆ ನೀವು ವೀಲ್ ಗುಂಪಿನಲ್ಲಿ ಇಲ್ಲ. ಎಸ್‌ಯು ಮೊದಲು ಗುಂಪು ನೋಡುತ್ತದೆ, ಅಲ್ಲಿ ಹೆಸರಿಲ್ಲದಿದ್ದರೆ ಪಾಸ್‌ವರ್ಡ್ ಕೇಳುವ ಗೋಜಿಗೇ ಹೋಗುವುದಿಲ್ಲ. ನಿಮ್ಮದು ಎರಡನೆಯದು. ಯೂಸರ್ ಮಾಡುವಾಗ 'ಬೇರೆ ಗುಂಪಿಗೂ ಸೇರಿಸಲೇ' ಎಂದು ಒಂದು ಸಾಲು ಬಂದಿರುತ್ತದೆ. ಎಂಟರ್ ಹೊಡೆದು ಮುಂದೆ ಹೋಗಿದ್ದೀರಿ, ಎಲ್ಲರೂ ಹೋಗುತ್ತಾರೆ.

ಸರಿಮಾಡಲು ಮರುಇನ್‌ಸ್ಟಾಲ್ ಬೇಡ. ಮೆಷಿನ್ ಎದುರು ಕೂತಾಗ ರೂಟ್ ನೇರವಾಗಿ ಲಾಗಿನ್ ಆಗಬಹುದು. ಆಲ್ಟ್ ಮತ್ತು ಎಫ್2 ಒತ್ತಿ, ಇನ್ನೊಂದು ಲಾಗಿನ್ ಪರದೆ ಸಿಗುತ್ತದೆ. ಎಫ್1ರಿಂದ ಎಫ್8ರವರೆಗೆ ಇಂಥ ಎಂಟು ಪರದೆ ಇವೆ. ಅಲ್ಲಿ ರೂಟ್ ಎಂದು ಲಾಗಿನ್ ಆಗಿ. ಸಾಲಿನ ಕೊನೆಗೆ ಡಾಲರ್ ಬದಲು ಹ್ಯಾಶ್ ಚಿಹ್ನೆ ಕಂಡರೆ ನೀವು ರೂಟ್. ಆಮೇಲೆ:

ಪಿಡಬ್ಲ್ಯು ಗ್ರೂಪ್‌ಮಾಡ್ ವೀಲ್ -ಎಂ ಹೊಸಬ

ಡೊಂಬಿವಲಿಯವರು ಕೊಟ್ಟ ಯೂಸರ್‌ಮಾಡ್ ಕೂಡ ವೀಲ್‌ಗೆ ಸೇರಿಸುತ್ತದೆ, ಆದರೆ ಆ ದೊಡ್ಡ ಜಿ ಪಟ್ಟಿಯಲ್ಲಿ ಹೇಳದ ಎಲ್ಲ ಗುಂಪುಗಳಿಂದ ಹೆಸರನ್ನು ತೆಗೆದೂ ಹಾಕುತ್ತದೆ. ಇವತ್ತು ನಿಮಗೆ ಬೇರೆ ಗುಂಪಿಲ್ಲ, ನಡೆಯುತ್ತದೆ. ನಾಳೆ ವಿಡಿಯೋ, ಆಪರೇಟರ್ ಎಂದು ಸೇರಿದ ಮೇಲೆ ಅದೇ ಕಮಾಂಡ್ ಕೊಟ್ಟರೆ ಎರಡೂ ಮಾಯ. ನಾನು ಹೇಳಿದ್ದರಲ್ಲೂ ಗುಂಡಿ ಇದೆ: ಎಂ ಸಣ್ಣಕ್ಷರವೇ ಆಗಬೇಕು. ದೊಡ್ಡ ಎಂ ಹಾಕಿದರೆ ವೀಲ್‌ನ ಸದಸ್ಯರ ಪಟ್ಟಿ ಪೂರ್ತಿ ಹೋಗಿ ನೀವೊಬ್ಬರೇ ಉಳಿಯುತ್ತೀರಿ.

ಕಮಾಂಡ್ ಏನೂ ಹೇಳದೆ ಮುಂದಿನ ಸಾಲಿಗೆ ಬಂದರೆ ಕೆಲಸ ಆಗಿದೆ ಎಂದೇ ಅರ್ಥ. ಇಲ್ಲಿ ಮಾತಾಡುವುದು ಎಡವಟ್ಟಾದಾಗ ಮಾತ್ರ. ಆಮೇಲೆ ಎಫ್1ರ ಪರದೆಗೆ ಹೋಗಿ ಎಕ್ಸಿಟ್ ಕೊಟ್ಟು ಮತ್ತೆ ಹೊಸಬ ಆಗಿ ಲಾಗಿನ್ ಆಗಿ. ಗುಂಪಿನ ಪಟ್ಟಿ ಓದುವುದು ಲಾಗಿನ್ ಆಗುವಾಗ ಒಮ್ಮೆ ಮಾತ್ರ, ಹಳೆಯ ಸೆಷನ್‌ಗೆ ಹೊಸ ಗುಂಪು ತಿಳಿಯದು. ಐಡಿ ಎಂದು ಹೊಡೆದರೆ ವೀಲ್ ಕಾಣಬೇಕು. ಎಸ್‌ಯು ಬರೆಯುವಾಗ ಮುಂದೆ ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಕಿ, ಆಗ ರೂಟ್‌ನ ಪೂರ್ತಿ ಪರಿಸರ, ಹೋಮ್ ಡೈರೆಕ್ಟರಿ ಸಮೇತ ಸಿಗುತ್ತದೆ.

ಎಸ್‌ಎಸ್‌ಎಚ್‌ಗೆ ರೂಟ್ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಬೇಡ ಎಂದು ಅವರು ಮೊದಲೇ ಮುಚ್ಚಿಟ್ಟಿದ್ದಾರೆ, ಮುಚ್ಚಿಯೇ ಇರಲಿ. ಹೊಸಬ ಆಗಿ ಒಳಗೆ ಬಂದು ಎಸ್‌ಯು ಮಾಡಿದರೆ ಯಾರು, ಯಾವಾಗ ರೂಟ್ ಆದರು ಎಂದು ಆಥ್ ಲಾಗ್‌ನಲ್ಲಿ ಗುರುತೂ ಉಳಿಯುತ್ತದೆ.

ಇನ್ನು 2015. ನೆಟ್‌ವರ್ಕ್‌ಗಿಂತ ಮುಂಚೆ ಇದನ್ನು ಸರಿಮಾಡಿ, ಕಾರಣ ಹೇಳುತ್ತೇನೆ. ನೀವು ಲೋಕಲ್ ಅನ್‌ಬೌಂಡ್ ಟಿಕ್ ಹಾಕಿದ್ದೀರಿ. ಅದು ಡಿಎನ್‌ಎಸ್, ಅಂದರೆ ಸೈಟಿನ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸುವ ವ್ಯವಸ್ಥೆಯ ಉತ್ತರಗಳ ಸಹಿ ಪರೀಕ್ಷಿಸುತ್ತದೆ. ಸಹಿಗಳಿಗೆ ಆರಂಭದ ದಿನ, ಮುಗಿಯುವ ದಿನ ಇರುತ್ತವೆ. ನಿಮ್ಮ ಮೆಷಿನ್ 2015ರಲ್ಲಿ ಕೂತು ನೋಡಿದರೆ ಎಲ್ಲ ಸಹಿಯೂ ಇನ್ನೂ ಹುಟ್ಟಿಲ್ಲ, ಹಾಗಾಗಿ ಒಂದು ಹೆಸರೂ ಬಿಡಿಸಿಕೊಳ್ಳುವುದಿಲ್ಲ. ಸಮಯ ಸರಿಮಾಡುವ ಎನ್‌ಟಿಪಿಡಿಗೆ ಸರ್ವರ್ ಹೆಸರು ಬಿಡಿಸಬೇಕು, ಹೆಸರು ಬಿಡಿಸಲು ಸಮಯ ಸರಿಯಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಕಥೆ. ಹಾಗಾಗಿ ಮೊದಲ ಸಲ ಕೈಯಿಂದಲೇ ದಿನಾಂಕ ಕೊಡಿ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಎಲ್ಲ ಸೇರಿಸಿ ಹನ್ನೆರಡು ಅಂಕಿ, ನಡುವೆ ಜಾಗವಿಲ್ಲ. 2025ರ ನವೆಂಬರ್ 6, ಮಧ್ಯಾಹ್ನ ಎರಡೂವರೆ ಎಂದರೆ:

ಡೇಟ್ 202511061430

ಅದಕ್ಕೂ ಮೊದಲು ಬರೀ ಡೇಟ್ ಹೊಡೆದು ಐಎಸ್‌ಟಿ ಎಂದು ಬರುತ್ತದೆಯೇ ನೋಡಿ. ಯುಟಿಸಿ ಎಂದಿದ್ದರೆ ಟಿಝಡ್‌ಸೆಟಪ್ ಕೊಟ್ಟು ಏಷ್ಯಾ, ಇಂಡಿಯಾ ಆರಿಸಿ. ಆಮೇಲೆ:

ಸರ್ವಿಸ್ ಎನ್‌ಟಿಪಿಡಿ ಎನೇಬಲ್
ಸಿಸ್‌ಆರ್‌ಸಿ ಎನ್‌ಟಿಪಿಡಿ_ಸಿಂಕ್_ಆನ್_ಸ್ಟಾರ್ಟ್=ಯೆಸ್

ಎರಡನೆಯ ಸಾಲು ಬಿಡಬೇಡಿ. ವ್ಯತ್ಯಾಸ 1000 ಸೆಕೆಂಡಿಗಿಂತ ಹೆಚ್ಚಿದ್ದರೆ ಎನ್‌ಟಿಪಿಡಿ ಏನೋ ಎಡವಟ್ಟಾಗಿದೆ ಎಂದು ತಾನೇ ನಿಂತುಬಿಡುತ್ತದೆ. ಈ ಸಾಲಿದ್ದರೆ ಶುರುವಿನಲ್ಲಿ ಒಮ್ಮೆ ಎಷ್ಟು ದೂರವಾದರೂ ಜಿಗಿಯುತ್ತದೆ. ಅದೇ ಡಿಸ್ಕಿನಲ್ಲಿ ವಿಂಡೋಸ್ ಇರುವವರಿಗೆ ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್ ಮುಂದೆ ತೋರಿಸುವ ರಗಳೆಯೂ ಬರುತ್ತದೆ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ನಮ್ಮ ಸಮಯ ಬರೆಯುತ್ತದೆ, ಯುನಿಕ್ಸ್ ಅದನ್ನು ಯುಟಿಸಿ ಎಂದು ಓದುತ್ತದೆ. ನಿಮಗೆ ಆ ತೊಂದರೆಯಿಲ್ಲ. ನಿಮ್ಮದು ಸೆಲ್ ಸತ್ತಿದೆ, ಅಷ್ಟೇ. ಅದನ್ನು ಬದಲಿಸುವವರೆಗೆ ಪ್ಲಗ್ ತೆಗೆದಾಗಲೆಲ್ಲ ಇದೇ ಡೇಟ್ ಕಮಾಂಡ್ ಮತ್ತೆ ಕೊಡಬೇಕಾಗುತ್ತದೆ.

ಮಡಗಾಂವ್ ಮಳೆ:

ನೆಟ್‌ವರ್ಕ್ ಬಗ್ಗೆ ನಾನು ಹೇಳುತ್ತೇನೆ. ಓಟಿಪಿ ಕೇಳುವ ವೈಫೈಯನ್ನು ಕರಿಪರದೆಯಿಂದ ದಾಟುವುದು ಕಷ್ಟ, ಅದಕ್ಕೆ ಸಮಯ ಹಾಳುಮಾಡಬೇಡಿ. ಯುಎಸ್‌ಬಿ ವೈಫೈ ಡಾಂಗಲ್ ತರಲು ಈಗಲೇ ಓಡಬೇಡಿ. ಆರ್‌ಟಿಎಲ್ 8188ಇಯು ತರಹದ ಹಳೆಯ ಚಿಪ್ ಆದರೆ ನಡೆಯುತ್ತದೆ, ಆದರೆ ಅಂಗಡಿಯಲ್ಲಿ ಡಬ್ಬಿಯ ಮೇಲೆ ಚಿಪ್ ಹೆಸರೇ ಬರೆದಿರುವುದಿಲ್ಲ.

ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಯುಎಸ್‌ಬಿ ಕೇಬಲ್‌ನಲ್ಲಿ ಡೆಸ್ಕ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆ ಗುಂಡಿ ಮಸುಕಾಗಿದ್ದರೆ ನಿಮ್ಮ ಕೇಬಲ್ ಬರೀ ಚಾರ್ಜಿಂಗ್‌ನದು, ಡೇಟಾ ಕೇಬಲ್ ಹಾಕಿ. ಫೋನ್ ಪಿಜಿಯ ವೈಫೈಗೆ ಓಟಿಪಿ ಕೊಟ್ಟು ಸೇರಿದ್ದರೆ ಬಹುತೇಕ ಫೋನ್‌ಗಳು ಅದನ್ನೇ ಕೇಬಲ್‌ನಲ್ಲಿ ದಾಟಿಸುತ್ತವೆ, ಮೊಬೈಲ್ ಡೇಟಾ ಖರ್ಚಾಗದು.

ಆಮೇಲೆ ಐಎಫ್‌ಕಾನ್ಫಿಗ್ ಎಂದು ಹೊಡೆಯಿರಿ. ಆರ್‌ಇ0 ನಿಮ್ಮ ರಿಯಲ್‌ಟೆಕ್ ಲ್ಯಾನ್, ಎಲ್‌ಒ0 ಮೆಷಿನ್ ತನ್ನೊಳಗೇ ಮಾತಾಡಿಕೊಳ್ಳುವುದು. ಹೊಸದಾಗಿ ಯುಇ0 ಬಂದಿರಬೇಕು. ಬಾರದಿದ್ದರೆ:

ಕೆಎಲ್‌ಡಿಲೋಡ್ ಐಎಫ್_ಯುಆರ್‌ಎನ್‌ಡಿಐಎಸ್

ಕೆಲವು ಹೊಸ ಫೋನ್‌ಗಳು ಆರ್‌ಎನ್‌ಡಿಐಎಸ್ ಬಿಟ್ಟು ಎನ್‌ಸಿಎಂ ಭಾಷೆ ಮಾತಾಡುತ್ತವೆ, ಅವಕ್ಕೆ ಐಎಫ್_ಸಿಡಿಸಿಇ. ಐಫೋನ್‌ಗೆ ಬೇರೆ ಪ್ಯಾಕೇಜ್ ಬೇಕು, ಮೊದಲ ದಿನಕ್ಕೆ ಆಂಡ್ರಾಯ್ಡ್ ಯಾರದಾದರೂ ಕೇಳಿ ಪಡೆಯಿರಿ. ಯುಇ0 ಕಂಡ ಮೇಲೆ:

ಡಿಎಚ್‌ಕ್ಲೈಂಟ್ ಯುಇ0

ವಿಳಾಸ ಸಿಕ್ಕಿತು ಎಂದು ಎರಡು ಸಾಲು ಬರುತ್ತವೆ. ಪರೀಕ್ಷೆ ಎರಡು ಹಂತ. ಪಿಂಗ್ 1.1.1.1 ಉತ್ತರ ಕೊಟ್ಟರೆ ದಾರಿ ಸರಿಯಿದೆ. ಹೆಸರಿನಿಂದ ಪಿಂಗ್ ಮಾಡಿದಾಗ ಮಾತ್ರ ಸೋತರೆ ಡಿಎನ್‌ಎಸ್, ಅಂದರೆ ಮೇಲೆ ಹೇಳಿದ 2015ರ ಕಥೆ. ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಸಿ ಒತ್ತಿ.

ಇನ್ನೊಂದು: ಸರ್ವಿಸ್ ನೆಟಿಫ್ ರೀಸ್ಟಾರ್ಟ್ ಎಂದು ಕೊಟ್ಟರೆ ಡೀಫಾಲ್ಟ್ ರೂಟ್ ಹೋಗಿಬಿಡಬಹುದು. ಅದರ ಬೆನ್ನಿಗೇ ಸರ್ವಿಸ್ ರೂಟಿಂಗ್ ರೀಸ್ಟಾರ್ಟ್ ಕೊಡಿ. ಇಲ್ಲಿ ರೂಟ್ ಅಂದರೆ ದಾರಿ, ಯೂಸರ್ ಅಲ್ಲ; ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುವುದು ನಮ್ಮ ಕರ್ಮ.

ಹಿಂಜವಡಿ ಹೊಸಬ:

ವೀಲ್ ಆತು, ಐಡಿ ಒಳಗ ಕಾಣ್ತದ, ಎಸ್‌ಯು ನಡೀತು. ಡೇಟ್ ಕೊಟ್ಟ ಮ್ಯಾಲೆ ಹೆಸರಿಂದನೂ ಪಿಂಗ್ ಹೋಗ್ಲಿಕ್ಹತ್ತದ. ಅನ್‌ಬೌಂಡ್ ಮಾತು ನೂರಕ್ಕ ನೂರು ಖರೇ.

ಈಗ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ ಮಾಡ್ಬೇಕು. ಡೆಸ್ಕ್‌ಟಾಪ್ ಫೋನಿನ ಹಿಂದದ, ಲ್ಯಾಪ್‌ಟಾಪ್ ವೈಫೈಯೊಳಗ ಅದ, ಒಂದಕ್ಕೊಂದು ಕಾಣ್ವಲ್ಲವು. ಒಂದು ಲ್ಯಾನ್ ಕೇಬಲ್ ಮಾತ್ರ ಅದ ನನ್ನ ಕಡೆ.

ಮಡಗಾಂವ್ ಮಳೆ:

ಆ ಕೇಬಲ್ಲೇ ಸಾಕು, ಎರಡರ ನಡುವೆ ನೇರ ಹಾಕಿ. ಕ್ರಾಸ್ ಕೇಬಲ್ ಎಲ್ಲ ಹಳೆಯ ಕಾಲದ ಮಾತು, ಗಿಗಾಬಿಟ್ ಪೋರ್ಟ್‌ಗಳು ತಾವೇ ಹೊಂದಿಕೊಳ್ಳುತ್ತವೆ. ಡೆಸ್ಕ್‌ಟಾಪ್‌ನಲ್ಲಿ ರೂಟ್ ಆಗಿ:

ಸಿಸ್‌ಆರ್‌ಸಿ ಐಎಫ್‌ಕಾನ್ಫಿಗ್_ಆರ್‌ಇ0="ಐನೆಟ್ 10.7.7.1/24"
ಐಎಫ್‌ಕಾನ್ಫಿಗ್ ಆರ್‌ಇ0 ಐನೆಟ್ 10.7.7.1/24

ಮೊದಲನೆಯದು ಮುಂದಿನ ಬೂಟ್‌ಗೆ, ಎರಡನೆಯದು ಈಗಿನ ಮಟ್ಟಿಗೆ. ಹೊಸಬರು ಒಂದನ್ನು ಮಾಡಿ ಇನ್ನೊಂದನ್ನು ಮರೆಯುತ್ತಾರೆ. ಲ್ಯಾಪ್‌ಟಾಪ್‌ನ ಲ್ಯಾನ್‌ಗೆ 10.7.7.2, ಸಬ್‌ನೆಟ್ ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ. ಗೇಟ್‌ವೇ ತುಂಬಿದರೆ ಲ್ಯಾಪ್‌ಟಾಪ್‌ನ ಇಂಟರ್ನೆಟ್ ಕೈಕೊಡಬಹುದು. ಅಂದಹಾಗೆ ಎರಡೂ ವೈಫೈಯಲ್ಲಿದ್ದರೂ ಪಿಜಿ, ಹಾಸ್ಟೆಲ್‌ಗಳ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬರ ಮೆಷಿನ್ ಇನ್ನೊಬ್ಬರಿಗೆ ಕಾಣದ ಹಾಗೆ ಕಟ್ಟಿಟ್ಟಿರುತ್ತಾರೆ.

ಹಿಂಜವಡಿ ಹೊಸಬ:

ಕೇಬಲ್ ಹತ್ತು ನಿಮಿಷದಾಗ ಆತು. ಆದ್ರ ಈಗ ಹೊಸಾ ತಲಿನೋವು. ಹೊಸಬ ಅಂತ ಎಸ್‌ಎಸ್‌ಎಚ್ ಮಾಡಿದ್ರ ಪರ್ಮಿಶನ್ ಡಿನೈಡ್. ಅದೇ ಪಾಸ್‌ವರ್ಡ್ ಡೆಸ್ಕ್‌ಟಾಪಿನ ಕೀಬೋರ್ಡಿಂದ ಹೊಡದ್ರ ಒಳಗ ಬಿಡ್ತದ! ಪಾಸ್‌ವರ್ಡಿನೊಳಗ ಒಂದು 'ಆ್ಯಟ್' ಚಿಹ್ನೆ ಅದ, ಇಮೇಲಿನೊಳಗ ಇರ್ತದಲ್ಲ ಅದು.

ಮಾಟುಂಗಾ ಟರ್ಮಿನಲ್:

ಇನ್‌ಸ್ಟಾಲರ್ ಶುರುವಿನಲ್ಲಿ ಕೀಬೋರ್ಡ್ ಪಟ್ಟಿ ತೋರಿಸಿದಾಗ ಯುನೈಟೆಡ್ ಕಿಂಗ್‌ಡಂ ಆರಿಸಿದ್ದೀರಿ ಅಲ್ವಾ? ನಮ್ಮಲ್ಲಿ ಮಾರುವ ಕೀಬೋರ್ಡ್ ಸಾಮಾನ್ಯವಾಗಿ ಅಮೆರಿಕದ ವಿನ್ಯಾಸದ್ದು. ಬ್ರಿಟಿಷ್ ವಿನ್ಯಾಸದಲ್ಲಿ ಆ್ಯಟ್ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ ಎರಡೂ ಅದಲುಬದಲು. ನೀವು ಶಿಫ್ಟ್ 2 ಒತ್ತಿ ಆ್ಯಟ್ ಅಂದುಕೊಂಡಿರಿ, ಅದು ಜೋಡಿ ಉದ್ಧರಣ ಎಂದು ಬರೆದುಕೊಂಡಿತು. ಡೆಸ್ಕ್‌ಟಾಪ್‌ನಲ್ಲಿ ಪ್ರತಿಸಲವೂ ಅದೇ ತಪ್ಪು ಆಗುವುದರಿಂದ ತಪ್ಪಿಗೆ ತಪ್ಪು ಹೊಂದಿ ಬಾಗಿಲು ತೆರೆಯುತ್ತದೆ. ಲ್ಯಾಪ್‌ಟಾಪ್ ನಿಜವಾದ ಆ್ಯಟ್ ಕಳಿಸುತ್ತದೆ, ಅದು ನಿಮ್ಮ ಪಾಸ್‌ವರ್ಡ್ ಅಲ್ಲ.

ಖಚಿತ ಮಾಡಿಕೊಳ್ಳಲು ಸುಲಭ ದಾರಿ: ಲಾಗಿನ್ ಎಂದು ಕೇಳುವಲ್ಲಿ ಹೊಡೆದದ್ದು ಕಾಣುತ್ತದೆ. ಅಲ್ಲಿ ಬರೀ ಶಿಫ್ಟ್ 2, ಶಿಫ್ಟ್ 3 ಒತ್ತಿ ನೋಡಿ, ಆಮೇಲೆ ಕಂಟ್ರೋಲ್ ಯು ಒತ್ತಿ ಅಳಿಸಿ. ಪೂರ್ತಿ ಪಾಸ್‌ವರ್ಡನ್ನು ಮಾತ್ರ ಅಲ್ಲಿ ಹೊಡೆದು ಎಂಟರ್ ಕೊಡಬೇಡಿ. ತಪ್ಪಿದ ಲಾಗಿನ್ ಹೆಸರುಗಳು ಲಾಗ್ ಫೈಲಿಗೆ ಹೋಗಿ ಕೂರಬಹುದು. ಬಲಬದಿಯ ಅಂಕಿಗಳಿಂದ ಪಾಸ್‌ವರ್ಡ್ ಹೊಡೆಯುವವರು ನಮ್‌ಲಾಕ್ ಆನ್ ಇದೆಯೇ ಎಂದೂ ಇಲ್ಲಿಯೇ ನೋಡಿಕೊಳ್ಳಬಹುದು.

ಸರಿಮಾಡುವ ಕ್ರಮ ಮುಖ್ಯ. ಮೊದಲು ಡೆಸ್ಕ್‌ಟಾಪ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿ, ಆ ಪರದೆಯಿಂದ ಹೊರಗೆ ಬರಬೇಡಿ. ಆಮೇಲೆ:

ಸಿಸ್‌ಆರ್‌ಸಿ ಕೀಮ್ಯಾಪ್=ಯುಎಸ್
ಸರ್ವಿಸ್ ಸಿಸ್ಕಾನ್ಸ್ ರೀಸ್ಟಾರ್ಟ್
ಪಾಸ್‌ಡಬ್ಲ್ಯುಡಿ ರೂಟ್
ಪಾಸ್‌ಡಬ್ಲ್ಯುಡಿ ಹೊಸಬ

ಸಿಸ್ಕಾನ್ಸ್ ಅಂದರೆ ಎಸ್-ವೈ-ಎಸ್-ಸಿ-ಒ-ಎನ್-ಎಸ್. ಪಾಸ್‌ಡಬ್ಲ್ಯುಡಿ ಅಂದರೆ ಪಾಸ್ ಎಂದು ಬರೆದು ಡಬ್ಲ್ಯು ಡಿ, ನಡುವೆ ಒ, ಆರ್ ಇಲ್ಲ. ಕೀಮ್ಯಾಪ್ ಬದಲಿಸಿ, ಪಾಸ್‌ವರ್ಡ್ ಬದಲಿಸದೆ ಎಕ್ಸಿಟ್ ಕೊಟ್ಟರೆ ಡೆಸ್ಕ್‌ಟಾಪ್‌ನಲ್ಲೂ ಬಾಗಿಲು ಹಾಕಿಕೊಳ್ಳುತ್ತದೆ, ಏಕೆಂದರೆ ಈಗ ಅಲ್ಲಿಯೂ ನಿಜವಾದ ಆ್ಯಟ್ ಬರುತ್ತದೆ.

ಹಾಗೇನಾದರೂ ಆಗಿಬಿಟ್ಟರೆ: ರೀಬೂಟ್ ಮಾಡಿ, ಮೊದಲ ಮೆನುವಿನಲ್ಲಿ 2 ಒತ್ತಿ ಸಿಂಗಲ್ ಯೂಸರ್‌ಗೆ ಹೋಗಿ. ಶೆಲ್ ಯಾವುದು ಎಂದು ಕೇಳಿದಾಗ ಬರೀ ಎಂಟರ್. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ನಿಮ್ಮದು ಝಡ್‌ಎಫ್‌ಎಸ್ ಆದ್ದರಿಂದ:

ಝಡ್‌ಎಫ್‌ಎಸ್ ಸೆಟ್ ರೀಡ್‌ಓನ್ಲಿ=ಆಫ್ ಝಡ್‌ರೂಟ್/ರೂಟ್/ಡೀಫಾಲ್ಟ್
ಝಡ್‌ಎಫ್‌ಎಸ್ ಮೌಂಟ್ -ಎ
ಪಾಸ್‌ಡಬ್ಲ್ಯುಡಿ ರೂಟ್

ನಡುವಿನ 'ರೂಟ್' ದೊಡ್ಡಕ್ಷರ, ಝಡ್‌ರೂಟ್ ಸಣ್ಣಕ್ಷರ. ಯುಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಹಾಕಿಕೊಂಡವರಿಗೆ ಮೊದಲೆರಡು ಸಾಲುಗಳ ಬದಲು ಮೌಂಟ್ -ಯು / ಎಂದರೆ ಸಾಕು. ಎದುರು ಕೂತ ಯಾರು ಬೇಕಾದರೂ ಹೀಗೆ ಪಾಸ್‌ವರ್ಡ್ ಬದಲಿಸಬಹುದಲ್ಲ ಎಂದರೆ, ಹೌದು. ಅದು ಬೇಡವಾದರೆ ಇಟಿಸಿಯ ಟಿಟಿವೈಎಸ್ ಫೈಲಿನಲ್ಲಿ ಕನ್ಸೋಲ್ ಸಾಲಿನ ಸೆಕ್ಯೂರ್ ಎಂಬುದನ್ನು ಇನ್‌ಸೆಕ್ಯೂರ್ ಮಾಡಬೇಕು. ಆಗ ಸಿಂಗಲ್ ಯೂಸರ್‌ಗೂ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಆದರೆ ಕಲಿಯುವ ಮೆಷಿನ್‌ಗೆ ಈ ಹಿಂಬಾಗಿಲು ಇರುವುದೇ ಒಳ್ಳೆಯದು.

ಹಿಂಜವಡಿ ಹೊಸಬ:

ಯಪ್ಪಾ, ಖರೇನ ಯುಕೆ ಆರಿಸಿದ್ದೆ. ಇಂಡಿಯಾ ಇಂಗ್ಲಿಷ್ ಅಂದ್ರ ಬ್ರಿಟಿಷರದ್ದ ಇರ್ತದ ಅಂತ ತಿಳ್ಕೊಂಡೆ. ಪಾಸ್‌ವರ್ಡ್ ಬದಲಿಸಿದೆ, ಎಸ್‌ಎಸ್‌ಎಚ್ ಚಾಲೂ ಆತು. ಈಗ ಅಪ್‌ಡೇಟ್, ಸುಡೋ, ಬ್ಯಾಷ್, ಡೆಸ್ಕ್‌ಟಾಪ್, ಯಾವ್ದು ಮೊದಲ?

ಮಡಗಾಂವ್ ಮಳೆ:

ಅದಕ್ಕೂ ಮೊದಲು ಒಂದು. ಝಡ್‌ಎಫ್‌ಎಸ್ ಹಾಕಿದ್ದರ ಲಾಭ ಈಗ ಪಡೆಯಿರಿ:

ಬಿಇಸಿಟಿಎಲ್ ಕ್ರಿಯೇಟ್ ಚೊಕ್ಕ

ಈಗಿನ ಸ್ಥಿತಿಗೆ 'ಚೊಕ್ಕ' ಎಂಬ ಹೆಸರಿನ ಬೂಟ್ ಎನ್ವಿರಾನ್‌ಮೆಂಟ್ ಉಳಿಯಿತು. ಕ್ಷಣದಲ್ಲಿ ಆಗುತ್ತದೆ, ಆರಂಭದಲ್ಲಿ ಜಾಗವೂ ತಿನ್ನುವುದಿಲ್ಲ. ಮುಂದೆ ಏನಾದರೂ ಕೆಡಿಸಿಕೊಂಡರೆ ಬೂಟ್ ಮೆನುವಿನಲ್ಲಿ ಬೂಟ್ ಎನ್ವಿರಾನ್‌ಮೆಂಟ್ಸ್ ಒಳಗೆ ಹೋಗಿ ಇದನ್ನು ಆರಿಸಬಹುದು. ಹಿಂದಕ್ಕೆ ಹೋಗುವುದು ಸಿಸ್ಟಮ್, ಇಟಿಸಿ, ಹಾಕಿದ ಪ್ಯಾಕೇಜುಗಳು. ಹೋಮ್‌ನಲ್ಲಿರುವ ನಿಮ್ಮ ಫೈಲುಗಳು ಬೇರೆ ಕಡೆ ಇರುವುದರಿಂದ ಅವು ಇದ್ದ ಹಾಗೇ ಇರುತ್ತವೆ. ಹಾಗೆಂದು ಇದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಎಸ್‌ಎಸ್‌ಡಿ ಹೋದರೆ ಚೊಕ್ಕವೂ ಹೋಗುತ್ತದೆ.

ಆಮೇಲೆ ಅಪ್‌ಡೇಟ್:

ಫ್ರೀಬಿಎಸ್‌ಡಿ-ಅಪ್‌ಡೇಟ್ ಫೆಚ್
ಫ್ರೀಬಿಎಸ್‌ಡಿ-ಅಪ್‌ಡೇಟ್ ಇನ್‌ಸ್ಟಾಲ್

ಮೊದಲನೆಯದು ಮುಗಿದ ಮೇಲೆ ಫೈಲುಗಳ ಉದ್ದ ಪಟ್ಟಿ ತೋರಿಸಿ ನಿಲ್ಲುತ್ತದೆ. ಕೆಟ್ಟು ನಿಂತದ್ದಲ್ಲ, ಓದಲಿ ಎಂದು ನಿಂತದ್ದು. ಕ್ಯೂ ಒತ್ತಿದರೆ ಹೊರಗೆ ಬರುತ್ತದೆ. ಸಿಸ್ಟಮ್‌ನ ತಿರುಳಾದ ಕರ್ನಲ್ ಬದಲಾಗಿದ್ದರೆ ರೀಬೂಟ್ ಮಾಡಿ. ಆಮೇಲೆ ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು ಕೊಟ್ಟರೆ ಮೂರು ಸಾಲು ಬರುತ್ತವೆ: ಡಿಸ್ಕಿನಲ್ಲಿರುವ ಕರ್ನಲ್, ಈಗ ಓಡುತ್ತಿರುವ ಕರ್ನಲ್, ಉಳಿದ ಸಿಸ್ಟಮ್. ಕೊನೆಯ ಸಾಲಿನ ಪಿ ಅಂಕಿ (ತೇಪೆಯ ಸಂಖ್ಯೆ) ಮುಂದಿದ್ದರೆ ಗಾಬರಿ ಬೇಡ. ಆ ತೇಪೆಯಲ್ಲಿ ಕರ್ನಲ್ ಮುಟ್ಟಿಲ್ಲ ಎಂದಷ್ಟೇ. ಮೊದಲೆರಡು ಬೇರೆ ಇದ್ದರೆ ಮಾತ್ರ ರೀಬೂಟ್ ಬಾಕಿ.

ಪ್ಯಾಕೇಜು ಹಾಕಲು ಪಿಕೆಜಿ ಎಂದು ಮೊದಲ ಸಲ ಹೊಡೆದಾಗ ಆ ಸಲಕರಣೆಯೇ ಇನ್ನೂ ಇಲ್ಲ, ತರಲೇ ಎಂದು ಕೇಳುತ್ತದೆ. ವೈ ಒತ್ತಿ. ಇಲ್ಲಿ ಪ್ರಮಾಣಪತ್ರದ ತಪ್ಪು ಎಂದು ಬಂದರೆ ಬೇರೆಲ್ಲ ಬಿಟ್ಟು ಮೊದಲು ಡೇಟ್ ನೋಡಿ.

ಡೊಂಬಿವಲಿ ಲೋಕಲ್:

ಗ್ರೂಪ್ ತಿದ್ದುಪಡಿ ಒಪ್ಪಿದೆ, ದೊಡ್ಡ ಜಿ ಬೇಡ.

ಸುಡೋ ಪ್ಯಾಕೇಜ್ ಇದೆ, ಆದರೆ ಒಬ್ಬರೇ ಬಳಸುವ ಮೆಷಿನ್‌ಗೆ ಅದೇ ಕೆಲಸ ಮಾಡುವ ಡೂಆಸ್ ಸಾಕು, ಡಿ-ಒ-ಎ-ಎಸ್. ಪಿಕೆಜಿ ಇನ್‌ಸ್ಟಾಲ್ ಡೂಆಸ್ ಕೊಟ್ಟು, ಯುಎಸ್‌ಆರ್/ಲೋಕಲ್/ಇಟಿಸಿ ಒಳಗೆ ಡೂಆಸ್.ಕಾನ್ಫ್ ಎಂಬ ಫೈಲಿನಲ್ಲಿ ಒಂದೇ ಸಾಲು:

ಪರ್ಮಿಟ್ :ವೀಲ್

ಕೋಲನ್ ಇದ್ದರೆ ಗುಂಪು, ಇಲ್ಲದಿದ್ದರೆ ವೀಲ್ ಎಂಬ ಯೂಸರ್ ಎಂದು ತಿಳಿಯುತ್ತದೆ. ಬರೀ ಇಟಿಸಿಯಲ್ಲಿ ಫೈಲ್ ಇಟ್ಟು ಕೆಲಸ ಮಾಡುತ್ತಿಲ್ಲ ಎಂದು ಒದ್ದಾಡಬೇಡಿ. ಪಿಕೆಜಿಯಿಂದ ಬಂದದ್ದೆಲ್ಲ ಯುಎಸ್‌ಆರ್/ಲೋಕಲ್ ಕೆಳಗೇ ಇರುತ್ತದೆ, ಅದರ ಸೆಟ್ಟಿಂಗ್ ಕೂಡ. ಫೈಲ್ ಬರೆಯಲು ವಿಐ ಗೊತ್ತಿಲ್ಲದಿದ್ದರೆ ಇಇ ಬಳಸಿ, ಎಸ್ಕೇಪ್ ಒತ್ತಿದರೆ ಮೆನು ಬರುತ್ತದೆ, ಎ ಒತ್ತಿ ಮತ್ತೆ ಎ ಒತ್ತಿದರೆ ಉಳಿಸಿ ಹೊರಬರುತ್ತದೆ. ಅಪ್ಪಿತಪ್ಪಿ ವಿಐ ಒಳಗೆ ಸಿಕ್ಕಿಕೊಂಡರೆ ಎಸ್ಕೇಪ್, ಕೋಲನ್, ಕ್ಯೂ, ಉದ್ಗಾರ ಚಿಹ್ನೆ, ಎಂಟರ್.

ಬ್ಯಾಷ್ ಬೇಕಾದರೆ ಹೊಸಬನಿಗೆ ಹಾಕಿ, ರೂಟ್‌ಗೆ ಹಾಕಬೇಡಿ. 14ರಿಂದ ರೂಟ್‌ನ ಶೆಲ್ ಎಸ್‌ಎಚ್, ಅದು ಸಿಸ್ಟಮ್‌ನದೇ. ಬ್ಯಾಷ್ ಪ್ಯಾಕೇಜ್. ಪ್ಯಾಕೇಜ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತು ಒಂದು ಲೈಬ್ರರಿ ಕಾಣೆಯಾದರೂ ರೂಟ್ ಲಾಗಿನ್ ಆಗಲಾರದು. ಪಾಸ್‌ವರ್ಡ್ ಫೈಲಿನಲ್ಲಿ ಟೂರ್ ಎಂದು ರೂಟ್‌ನ ಅಕ್ಷರ ತಿರುಗಿಸಿದ ಇನ್ನೊಂದು ಹೆಸರು ಕಾಣುತ್ತದೆ, ಯಾರೋ ನುಗ್ಗಿದ್ದಾರೆ ಎಂದು ಹೆದರಬೇಡಿ. ಬೇರೆ ಶೆಲ್ ಬಯಸುವ ರೂಟ್‌ಗೆಂದೇ ಇಟ್ಟದ್ದು ಅದು. ಹಾಗೇ ಚಾರ್ಲಿ ರೂಟ್ ಎಂಬವರಿಂದ ನಿಮಗೆ ಟಪಾಲು ಬರುತ್ತದೆ. ಬೆಳಗಿನ ಜಾವ 3:01ಕ್ಕೆ ಮೆಷಿನ್ ತಾನೇ ಪರೀಕ್ಷೆ ನಡೆಸಿ ರೂಟ್ ಹೆಸರಿಗೆ ವರದಿ ಹಾಕುತ್ತದೆ. ಮೇಲ್ ಎಂದು ಹೊಡೆದು ಓದಬಹುದು. ತಪ್ಪಿದ ಲಾಗಿನ್‌ಗಳೂ ಅದರಲ್ಲಿ ಇರುತ್ತವೆ.

ಡೆಸ್ಕ್‌ಟಾಪ್ ಫೋನಿನ ಟೆದರಿಂಗ್‌ನಲ್ಲಿ ಇಳಿಸುವ ಸಾಮಾನಲ್ಲ, ತುಂಬ ದೊಡ್ಡದು. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಗ್ರಾಫಿಕ್ಸ್ ಚಿಪ್ ಯಾವುದೆಂದು ಪಿಸಿಐಕಾನ್ಫ್ -ಎಲ್‌ವಿ ಕೊಟ್ಟು ನೋಡಿ ಬರೆಯಿರಿ.

ಹಿಂಜವಡಿ ಹೊಸಬ:

ಡೂಆಸ್ ಆತು, ಅಪ್‌ಡೇಟೂ ಆತು. ಕಡೀದೊಂದು. ನಾಳೆ ಗುರುವಾರ, ಮುಂಜಾನೆ ಕರೆಂಟ್ ತಗೀತಾರ ನಮ್ಮ ಕಡೆ. ಹೊಸಬ ಆಗಿ ಶಟ್‌ಡೌನ್ ಅಂದ್ರ ಪರ್ಮಿಶನ್ ಇಲ್ಲ ಅಂತದ. ಸ್ವಿಚ್ ಬಂದ್ ಮಾಡಿದ್ರ ನಡೀತದೋ?

ಮಾಟುಂಗಾ ಟರ್ಮಿನಲ್:

ಗೋಡೆಯ ಸ್ವಿಚ್ ಬೇಡ. ಝಡ್‌ಎಫ್‌ಎಸ್ ತಡೆದುಕೊಳ್ಳುತ್ತದೆ, ಆದರೆ ಡಿಸ್ಕಿಗೆ ಇನ್ನೂ ಇಳಿಯದ ಕೊನೆಯ ಕೆಲವು ಸೆಕೆಂಡುಗಳ ಬರಹ ಹೋಗುತ್ತದೆ.

ಡೂಆಸ್ ಶಟ್‌ಡೌನ್ -ಪಿ ನೌ

ಪಿ ಇದ್ದರೆ ಮಾತ್ರ ಕರೆಂಟೂ ಕಡಿಯುತ್ತದೆ. ದಿನಾ ಡೂಆಸ್ ಬೇಡವೆಂದರೆ ಪಿಡಬ್ಲ್ಯು ಗ್ರೂಪ್‌ಮಾಡ್ ಆಪರೇಟರ್ -ಎಂ ಹೊಸಬ ಕೊಟ್ಟು ಮತ್ತೆ ಲಾಗಿನ್ ಆಗಿ. ಶಟ್‌ಡೌನ್ ನಡೆಸಲು ಆ ಗುಂಪಿಗೆ ಅನುಮತಿ ಇದೆ. ಆದರೆ ಅದೇ ಗುಂಪು ಕಚ್ಚಾ ಡಿಸ್ಕನ್ನೂ ಓದಬಲ್ಲದು, ಆದ್ದರಿಂದ ಬೇರೆಯವರಿಗೆ ಯೂಸರ್ ಮಾಡಿಕೊಟ್ಟರೆ ಅವರನ್ನು ಸೇರಿಸಬೇಡಿ. ಪರದೆ ಇಲ್ಲದಾಗ ಕ್ಯಾಬಿನೆಟ್‌ನ ಪವರ್ ಬಟನ್ ಒಮ್ಮೆ ಮುಟ್ಟಿ ಬಿಟ್ಟರೂ ಕ್ರಮವಾಗಿಯೇ ಮುಚ್ಚುತ್ತದೆ. ಒತ್ತಿ ಹಿಡಿದರೆ ಮಾತ್ರ ಅದು ಸ್ವಿಚ್ ಕಿತ್ತ ಹಾಗೇ. ನಾಳೆ ಕರೆಂಟ್ ಬಂದ ಮೇಲೆ ಚಾಲೂ ಮಾಡಿದಾಗ 2015 ಮತ್ತೆ ಕಂಡರೆ ಡೇಟ್ ಕೊಟ್ಟು, ಸಂಜೆ ತಾಪಕೀರ್ ಗಲ್ಲಿಗೆ ಹೋಗುವಾಗ ಹಳೆಯ ಸೆಲ್ ಜೇಬಲ್ಲಿಟ್ಟುಕೊಳ್ಳಿ.